ಮೈ ಡಾಟರ್ ಈಸ್ ಥಿನ್

ಹೊಸದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ನಾನು ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬೋರ್ಡು ಗೀರ್ಡು ಏನೂ ಹಾಕಿಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದು ನಿವೃತ್ತಳಾದ ಮೇಲೆ ಕೆಲವು ತಿಂಗಳು ಮನೆಯಲ್ಲೇ ಕುಳಿತು ಗಂಡನ ತಪ್ಪುಗಳನ್ನು ತಿದ್ದುತ್ತಿದ್ದೆ. ಅವರು ತೋಟ ನೋಡಿಕೊಳ್ಳುವ ನೆಪದಲ್ಲಿ ಬೆಳಗಾಗುತ್ತಲೇ ಮನೆ ಬಿಡಲು ಶುರು ಮಾಡಿದರು. ತಿದ್ದುವುದಕ್ಕೆ ಬೇರೆ ಯಾರಾದರೂ ಬೇಕಾಗಿತ್ತು. ಅಕ್ಕಪಕ್ಕದ ನಾಲ್ಕೈದು ಹೆಂಗಸರು ಪಾತ್ರೆ ತೊಳೆದಿಟ್ಟು, ಧಾರಾವಾಹಿ ಶುರುವಾಗುವ ಮೊದಲಿನ ಬಿಡುವಿನಲ್ಲಿ ಬಂದು ಕೂರತೊಡಗಿದರು. ಬರುವಾಗ ಹುಣಸೆಹಣ್ಣೋ ಅವರೆಕಾಯೋ ಏನಾದರೂ ಬಿಡಿಸುವ ಕೆಲಸ ತರುತ್ತಾರೆ. ಕೈಗೆ ಕೆಲಸವಿಲ್ಲದೆ ಬರೀ ಕಿವಿಗೆ ಕೆಲಸ ಕೊಡುವುದು ನಮ್ಮ ಕಡೆಯ ಹೆಂಗಸರಿಗೆ ಒಗ್ಗುವುದಿಲ್ಲ.

ಇವರೆಲ್ಲ ಎಡವುವುದು ದೊಡ್ಡ ದೊಡ್ಡ ಪದಗಳಲ್ಲಿ ಅಲ್ಲ, 'ಈಸ್' ಅನ್ನುವ ಚಿಕ್ಕ ಪದದಲ್ಲಿ. ಕನ್ನಡದಲ್ಲಿ 'ಇವಳು ನನ್ನ ಮಗಳು' ಅಂದರೆ ಮುಗಿಯಿತು, ಕ್ರಿಯಾಪದದ ಹಂಗಿಲ್ಲ. ಇಂಗ್ಲಿಷಿನವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. 'ಶಿ' ಒಂದು ಕಡೆ, 'ಮೈ ಡಾಟರ್' ಇನ್ನೊಂದು ಕಡೆ ಗುರುತಿಲ್ಲದವರಂತೆ ನಿಂತಿರುತ್ತವೆ. ನಡುವೆ 'ಈಸ್' ಬಂದು ಪರಿಚಯ ಮಾಡಿಸಬೇಕು. ಅದನ್ನೇ ಲಿಂಕಿಂಗ್ ವರ್ಬ್ ಎನ್ನುತ್ತಾರೆ, ಕೊಂಡಿಯಂಥ ಕ್ರಿಯಾಪದ. ಶಾಲೆಯಲ್ಲಿ ಇದನ್ನು ಪುಸ್ತಕದಲ್ಲಿದ್ದ ಹಾಗೆ ಪಾಠ ಮಾಡಿ ಮಕ್ಕಳ ನಿದ್ದೆಗೆ ಅನುಕೂಲ ಮಾಡಿಕೊಟ್ಟಿದ್ದೆ. ಪಡಸಾಲೆಯಲ್ಲಿ ಆ ಆಟ ನಡೆಯುವುದಿಲ್ಲ, ಇವರು ನಿದ್ದೆ ಬಂದರೆ ಎದ್ದು ಮನೆಗೇ ಹೋಗುತ್ತಾರೆ. ಅದಕ್ಕೆ ಮದುವೆ ಮನೆಯನ್ನು ಕರೆತಂದೆ. ಎಲ್ಲ ಮದುವೆಯಲ್ಲೂ ಒಬ್ಬ ಯಜಮಾನರು ಇರುತ್ತಾರೆ. ಚಪ್ಪರ ಹಾಕುವುದಿಲ್ಲ, ಎಲೆ ಹಾಸುವುದಿಲ್ಲ, ಸಾರು ಬಡಿಸುವುದಿಲ್ಲ. ಬಂದವರನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿ, 'ಇವರು ರಾಮಗಿರಿ ಕಡೆಯೋರು, ಹುಡುಗನ ಸೋದರಮಾವ' ಎಂದು ಹೇಳುವುದಷ್ಟೇ ಅವರ ಕೆಲಸ. ಆ ಯಜಮಾನರೇ ಲಿಂಕಿಂಗ್ ವರ್ಬ್. ಬಡಿಸುವವನು, ಉಣ್ಣುವವನು, ಉಂಡು ಜಗಳ ತೆಗೆಯುವವನು ಇವರೆಲ್ಲ ಆಕ್ಷನ್ ವರ್ಬ್.

ಈ ಪಾಠ ನಾಟಿತು. 'ಸಾಂಬಾರ್ ಟೇಸ್ಟ್ಸ್ ಗುಡ್' ಎಂದಾಗ ಮಾತ್ರ ಗಲಾಟೆಯಾಯಿತು. ಸಾಂಬಾರಿಗೆ ನಾಲಿಗೆ ಎಲ್ಲೈತೆ ಮೇಡಂ, ಅದೇನು ರುಚಿ ನೋಡ್ತೈತೆ ಎಂದು ತಕರಾರು. ಆ ಜಾಗದಲ್ಲಿ 'ಈಸ್' ಇಟ್ಟು ನೋಡಿ, ವಾಕ್ಯ ನಿಂತರೆ ಅದೂ ಆ ಯಜಮಾನರ ತಮ್ಮನೇ ಎಂದು ತೀರ್ಪು ಕೊಟ್ಟೆ. ಕೊನೆಗೆ ವಾಕ್ಯದ ಅಚ್ಚು ಎಲ್ಲರ ಬಾಯಿಗೂ ಕೂತಿತು: ಮೊದಲು ಯಾರ ಮಾತೋ ಅವರು, ಆಮೇಲೆ ಕೊಂಡಿ, ಆಮೇಲೆ ಅವರು ಏನಾಗಬೇಕು ಅಥವಾ ಹೇಗಿದ್ದಾರೆ ಎಂಬುದು.

ಅಂಥ ಒಂದು ಮಧ್ಯಾಹ್ನ ಅವಳು ಬಂದಳು. ಎದುರು ಬೀದಿಯ ಬಾಡಿಗೆ ಮನೆಗೆ ಹೊಸದಾಗಿ ಬಂದಿದ್ದ ಹೆಣ್ಣುಮಗಳು. ಹಿರಿಯೂರು ಕಡೆಯ ಹಟ್ಟಿಯಲ್ಲಿ ಹುಟ್ಟಿದವಳು, ಕುರಿ ಸಾಕುವ ಮನೆತನ. ಗಂಡ ಸಂತೆಯಿಂದ ಸಂತೆಗೆ ತಿರುಗಿ ಕುರಿ ಕೊಂಡು ಮಾರುತ್ತಾನೆ. ಸೊಂಟದ ಮೇಲೊಂದು ಹೆಣ್ಣುಮಗು ಇತ್ತು. ಸೊಂಟದ ಮೇಲೆ ಇರುವ ವಯಸ್ಸನ್ನು ಅದು ಎಂದೋ ದಾಟಿತ್ತು. ಗುಂಡಗೆ, ಮಿರಮಿರ ಮಿಂಚುವ ಕಣ್ಣಿನ ಮಗು. ಅದನ್ನು ಹೊತ್ತು ಅವಳ ಸೊಂಟ ಒಂದು ಕಡೆ ವಾಲಿತ್ತು.

"ಬಾರಮ್ಮ, ಕುಂತ್ಕ," ಎಂದೆ. "ಏನ್ ಚೆನ್ನಾಗಿದಾಳೆ ಮಗಳು."

ಅವಳು ಕೂರಲಿಲ್ಲ. ಮಗುವನ್ನು ಸರಕ್ಕನೆ ಬೆನ್ನ ಹಿಂದಕ್ಕೆ ತಿರುಗಿಸಿಕೊಂಡು, "ಎಲ್ಲೀ ಚೆನ್ನಾಗಿ ಬಿಡ್ರಿ ಮೇಡಂ. ಉಣ್ಣಲ್ಲ ತಿನ್ನಲ್ಲ, ಕಡ್ಡಿ ಆಗೈತೆ," ಎಂದಳು.

ಆ ಕಡ್ಡಿ ಅವಳ ಬೆನ್ನ ಹಿಂದೆ ಕೊಬ್ಬರಿ ತುಂಡು ಜಗಿಯುತ್ತಿತ್ತು.

ಬಂದ ಕಾರಣ ಇದು. ಅವಳ ಮನೆಯ ಬಾಗಿಲಲ್ಲಿ ನಿಂತರೆ ಎದುರಿಗೆ ಹೊಸ ಇಂಗ್ಲಿಷ್ ಮೀಡಿಯಂ ಶಾಲೆಯ ಆಟದ ಬಯಲು ಕಾಣುತ್ತದೆ. ಉಳಿದ ಶಾಲೆಗಳಿಗೆಲ್ಲ ಬಸ್ಸು ಲಾರಿ ಓಡಾಡುವ ರಸ್ತೆ ದಾಟಬೇಕು. ಮಗಳು ಕಣ್ಣಳತೆಯಲ್ಲೇ ಇರುವ ಈ ಶಾಲೆಯೊಂದನ್ನು ಬಿಟ್ಟು ಬೇರೆಲ್ಲಿಗೂ ಅವಳು ಕಳಿಸುವವಳಲ್ಲ. ಆದರೆ ಆ ಶಾಲೆಯಲ್ಲೊಂದು ಕಟ್ಟಳೆ. ಮಗುವನ್ನು ಸೇರಿಸುವ ಮೊದಲು ತಾಯಿ ಪ್ರಿನ್ಸಿಪಾಲರ ಮುಂದೆ ಕುಳಿತು ಮಗುವಿನ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಬೇಕು. ಮನೆಯಲ್ಲಿ ಇಂಗ್ಲಿಷಿನ ಗಾಳಿ ಆಡುತ್ತದೋ ಇಲ್ಲವೋ ತಿಳಿಯಲು ಇದಂತೆ. ನನಗೆ ಮೈಯೆಲ್ಲ ಉರಿಯಿತು. ಮಗುವಿಗೆ ಕಲಿಸಬೇಕಾದವರು ತಾಯಿಗೆ ಪರೀಕ್ಷೆ ಇಡುವುದು ಯಾವ ಸೀಮೆಯ ನ್ಯಾಯ? ಆದರೆ ನನ್ನ ಉರಿಯಿಂದ ಅವಳಿಗೆ ಸೀಟು ಸಿಗುವುದಿಲ್ಲವಲ್ಲ. "ನಾಳೆಯಿಂದ ಬಾ," ಎಂದೆ.

ಅವಳು ಓದಿದ್ದು ಎಂಟನೆಯ ಕ್ಲಾಸಿನವರೆಗೆ ಮಾತ್ರ. ಆದರೆ ಗ್ರಹಿಕೆ ಚುರುಕು. ಆಕ್ಷನ್ ವರ್ಬುಗಳನ್ನು ಕುರಿ ಎಣಿಸಿದಷ್ಟು ಸಲೀಸಾಗಿ ಒಳಕ್ಕೆ ಹಾಕಿಕೊಂಡಳು. 'ಶಿ ಈಟ್ಸ್ ಮುದ್ದೆ, ಶಿ ಡ್ರಿಂಕ್ಸ್ ಮಿಲ್ಕ್.' ಮಗಳು ಕಡ್ಡಿಯಾಗಿದ್ದೇ ನಿಜವಾದರೆ ಈ ವಾಕ್ಯಗಳು ಸುಳ್ಳಾಗಬೇಕಿತ್ತು, ಆದರೆ ನಾನು ಆ ಮಾತು ಎತ್ತಲಿಲ್ಲ. ಲಿಂಕಿಂಗ್ ವರ್ಬಿನಲ್ಲೂ ಮೊದಲ ಮೆಟ್ಟಿಲು ಸರಾಗ. 'ಶಿ ಈಸ್ ಎ ಗರ್ಲ್. ಶಿ ಈಸ್ ಮೈ ಡಾಟರ್.' ಮೆಚ್ಚಿಕೊಂಡು ಮುಂದಿನ ಮೆಟ್ಟಿಲು ಹತ್ತಿಸಿದೆ. "ಈಗ ಅವಳು ಹೇಗಿದ್ದಾಳೆ, ಅದನ್ನು ಹೇಳು. ಗುಡ್, ಹೆಲ್ದಿ, ಕ್ಲೆವರ್, ಬ್ಯೂಟಿಫುಲ್. ಯಾವುದಾದರೂ ಒಂದನ್ನು ಕೊನೆಯಲ್ಲಿ ಇಡು."

ಅವಳು ಒಂದು ಅವರೆಕಾಯಿ ಬಿಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಮೇಡಂ, ಬಡಕಲು ಅನ್ನಾಕೆ ಏನಂತಾರೆ?"

"ಥಿನ್."

"ಮೈ ಡಾಟರ್ ಈಸ್ ಥಿನ್," ಎಂದಳು. ಉಚ್ಚಾರ ಸ್ಪಷ್ಟ, ಕೊಂಡಿ ಅದರ ಜಾಗದಲ್ಲಿ ಭದ್ರ, ವ್ಯಾಕರಣದಲ್ಲಿ ಕೊಂಕು ಹುಡುಕಿದರೂ ಇಲ್ಲ. ವಿಷಯ ಮಾತ್ರ ಹಸಿಸುಳ್ಳು. ಥಿನ್ ಅನ್ನಿಸಿಕೊಂಡ ಮಗು ನಮ್ಮ ಹೊಸ್ತಿಲ ಮೇಲೆ ಕುಳಿತು ನನ್ನ ಡಬ್ಬಿಯ ಕೋಡುಬಳೆಗಳನ್ನು ಒಂದೊಂದಾಗಿ ಮುಗಿಸುತ್ತಿತ್ತು.

ಅಲ್ಲಿಂದ ಅವಳ ಓಟ ತಡೆಯುವವರಿಲ್ಲ. ದಿನಾ ಒಂದು ಕೆಟ್ಟ ಪದ ಕೇಳಿ ಕಲಿಯುತ್ತಿದ್ದಳು. 'ಮೈ ಡಾಟರ್ ಈಸ್ ಡಾರ್ಕ್. ಮೈ ಡಾಟರ್ ಈಸ್ ಲೇಜಿ. ಮೈ ಡಾಟರ್ ಈಸ್ ಡರ್ಟಿ.' ಇಷ್ಟು ಸಾಲದು ಎಂಬಂತೆ, "ಇನ್ನೂ ಒಂದೆರಡು ಕೆಟ್ಟವು ಹೇಳಿಕೊಡ್ರಿ ಮೇಡಂ," ಎಂದು ಕೂರುತ್ತಿದ್ದಳು. ಉಳಿದ ಹೆಂಗಸರು ಒಳ್ಳೆಯ ಪದಗಳನ್ನು ಒಟ್ಟಾಗಿ ಹೇಳುವಾಗ ಇವಳು ತುಟಿ ಬಿಗಿ ಹಿಡಿದು ಕೂರುತ್ತಿದ್ದಳು. ಅವಳ ಗಂಡನ ಕಸುಬೇ ಇದಕ್ಕೆ ಕಾರಣವಿರಬೇಕೆಂದು ನಾನು ಮೊದಲು ಲೆಕ್ಕ ಹಾಕಿದೆ. ಸಂತೆಯಲ್ಲಿ ಕುರಿ ಕೊಳ್ಳುವವನು ಕುರಿಯ ಐಬನ್ನೇ ಹೇಳಬೇಕು, ಕಾಲು ಸೊಟ್ಟ, ಹಲ್ಲು ಸವೆದಿದೆ, ಉಣ್ಣೆ ಉದುರಿದೆ. ಮನೆಯಲ್ಲೂ ಅದೇ ಭಾಷೆ ಓಡಾಡುತ್ತಿರಬಹುದು ಎಂದುಕೊಂಡೆ. ನನ್ನ ಜಾಣತನಕ್ಕೆ ಕೊನೆಯೇ ಇಲ್ಲ.

ಒಂದು ದಿನ ಉಳಿದವರು ಎದ್ದು ಹೋದ ಮೇಲೆ ಗದರಿದೆ. "ಪ್ರಿನ್ಸಿಪಾಲರ ಮುಂದೆ ಹಿಂಗೆಲ್ಲ ಅಂದರೆ ಸೀಟು ಕೊಡ್ತಾರೇನೇ? ಹೆತ್ತ ಮಗಳ ಬಗ್ಗೆ ಒಂದು ಒಳ್ಳೆ ಮಾತು ಆಡೋಕೆ ಏನು ಕಷ್ಟ?"

ಅವಳು ಸಿಟ್ಟಾಗಲಿಲ್ಲ. ಕಾಯಿ ಬಿಡಿಸುತ್ತಲೇ ಹೇಳಿದಳು. "ಮೊದಲನೇದು ಗಂಡು ಮೇಡಂ. ಎಲ್ರೂ ಎತ್ಕಂಡು ಎತ್ಕಂಡು, ಏನ್ ಕೂಸಮ್ಮ, ದುಂಡಗೈತೆ, ಬೆಣ್ಣೆ ಮುದ್ದೆ ಇದ್ದಂಗೈತೆ ಅಂದ್ರು. ನಾನೂ ಅಂದೆ. ತೊಟ್ಟಿಲಿಗೆ ಹಾಕಿದ ತಿಂಗಳಿಗೆ ಹೋತು. ಎರಡನೇದೂ ಹಂಗೇ ಆತು. ಇದು ಹುಟ್ಟಿದಾಗ ನಮ್ಮತ್ತೆ ಯಾರಿಗೂ ಮುಖ ತೋರಿಸಲಿಲ್ಲ. ಮೊರದಾಗೆ ಮಲಗಿಸಿ ತಿಪ್ಪೆ ಮಗ್ಗುಲಾಗೆ ಇಟ್ಟು ಬಂದ್ರು. ಪಕ್ಕದ ಮನೆಯಾಕಿ ಎತ್ಕಂಡು ಬಂದು, ಯಾರದೋ ಕೂಸು ಬಿದ್ದಿತ್ತು, ತಗಂತೀರೇನು ಅಂದ್ಲು. ಒಂದು ಮೊರ ತೌಡು ಕೊಟ್ಟು ತಗಂಡ್ವಿ. ನಮ್ಮದಲ್ಲ, ತೌಡಿಗೆ ತಗಂಡಿದ್ದು ಅಂದ್ಮ್ಯಾಲೆ ಯಾರ ಕಣ್ಣು ಯಾಕೆ ಬೀಳ್ತೈತೆ. ಉಳಕಂತು."

ಆ ಎರಡು ಮಕ್ಕಳಿಗೂ ಏನೋ ಕಾಯಿಲೆ ಇದ್ದಿರಬೇಕು ಎಂದುಕೊಂಡೆ. ಈ ಮಗುವನ್ನು ಮನೆಯಲ್ಲಿ ಕರೆಯುವ ಹೆಸರೂ ಬೇಕೆಂದೇ ಕೆಟ್ಟದಾಗಿ ಇಟ್ಟದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ದಿನ ಅವಳು ಬಾಗಿಲಿಗೆ ಬಂದಾಗ ನಾನು ಆಡಿದ ಮಾತಿಗೆ ಅವಳು ಮನೆಗೆ ಹೋಗಿ ದೃಷ್ಟಿ ತೆಗೆಯಲು ಎಷ್ಟು ಉಪ್ಪು ಮೆಣಸಿನಕಾಯಿ ಸುಟ್ಟಳೋ ಏನೋ.

ಹಾಗೆಂದು ಪಾಠ ಬಿಡುವುದಕ್ಕಾಗುತ್ತದೆಯೇ? ಮಾರನೆಯ ದಿನ ಹೊಸ ವಾದ ಕಟ್ಟಿಕೊಂಡು ಬಂದೆ. "ನೋಡು, ದೃಷ್ಟಿ ಅನ್ನೋದು ನಮ್ಮೂರಿನದು. ಅದಕ್ಕೆ ಕನ್ನಡ ಮಾತ್ರ ಗೊತ್ತು. ನೀನು ಇಂಗ್ಲಿಷಲ್ಲಿ ಬ್ಯೂಟಿಫುಲ್ ಅಂದರೆ ಅದಕ್ಕೆ ತಲೆಬುಡ ತಿಳಿಯಲ್ಲ."

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ಏನ್ ಹಂಗಂತೀರಿ ಮೇಡಂ. ಈಗ ಎಲ್ರ ಮನೆ ಮಕ್ಕಳೂ ಇಂಗ್ಲಿಷ್ ಸ್ಕೂಲಿಗೆ ಹೋಗ್ತಾವೆ. ಕಣ್ಣು ಹಾಕೋರೇ ಇಂಗ್ಲಿಷ್ ಕಲ್ತವರೆ. ಮತ್ತೆ ನಿಮ್ಮ ಸ್ಕೂಟರಿಗೆ ನಿಂಬೆಹಣ್ಣು ಮೆಣಸಿನಕಾಯಿ ಯಾಕೆ ಕಟ್ಟೀರಿ?"

"ಅದು ಅಂಗಡಿಯವನು ಕಟ್ಟಿದ್ದು," ಎಂದೆ. ಅಂಗಡಿಯವನು ಕಟ್ಟಿದ್ದು ಎಂದೋ ಒಣಗಿ ಉದುರಿತ್ತು. ಈಗಿನದನ್ನು ಯಾರು ಕಟ್ಟಿದರೆಂಬುದು ಇಲ್ಲಿ ಅಪ್ರಸ್ತುತ.

ಅವಳ ಮಾತು ತಲೆ ಹೊಕ್ಕ ಮೇಲೆ ಊರೇ ಬೇರೆಯಾಗಿ ಕೇಳಿಸತೊಡಗಿತು. ಮಾರುಕಟ್ಟೆಯಲ್ಲಿ ವ್ಯಾಪಾರ ಹೇಗಿದೆ ಎಂದರೆ, ಏನೋ ನಡೀತೈತೆ. ಹೊಸ ಮನೆ ಕಟ್ಟಿಸಿದವರನ್ನು ಕೇಳಿದರೆ, ತಲೆ ಮ್ಯಾಲೊಂದು ಸೂರು ಅಷ್ಟೆ. ಹೊಳಲ್ಕೆರೆ ಬಸ್ಸಿನಲ್ಲಿ ಪಕ್ಕ ಕುಳಿತ ಮುದುಕಿಗೆ ಆರೋಗ್ಯ ಕೇಳಿದೆ. ಊರುಕೇರಿಗೆಲ್ಲ ಕೇಳುವಂಥ ಗಟ್ಟಿ ದನಿಯಲ್ಲಿ, ಇನ್ನೇನು ಹೊಲ್ಟೆ ಕಣವ್ವ, ಎಂದಳು. ರಾತ್ರಿ ಊಟಕ್ಕೆ ಕುಳಿತ ಗಂಡನನ್ನೇ ಪರೀಕ್ಷೆ ಮಾಡಿದೆ. ತೋಟದಲ್ಲಿ ಆ ವರ್ಷ ಮರದ ಕುತ್ತಿಗೆ ಬಗ್ಗುವಷ್ಟು ಕಾಯಿ. "ಕಾಯಿ ಹೆಂಗೈತೆ?" ಎಂದೆ. "ಏನೋ ಐತೆ," ಎಂದು ಮುದ್ದೆ ಮುರಿದರು. ಕೇಳಿಸಿಕೊಳ್ಳಲು ಅಲ್ಲಿ ನಾನೊಬ್ಬಳೇ ಇದ್ದದ್ದು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಕಣ್ಣನ್ನೂ ನಂಬದ ಗಂಡಸು. ಗುಣವಾಚಕಗಳನ್ನು ಕಂಡರೆ ಹೆದರುವ ಸೀಮೆಯಲ್ಲಿ ನಾನು ಜೀವಮಾನವಿಡೀ ಗುಣವಾಚಕ ಪಾಠ ಮಾಡಿದ್ದೆ.

ಕೊನೆಗೆ ರಾಜಿಗೆ ಇಳಿದೆ. "ಹೋಗಲಿ, ಮೈ ಡಾಟರ್ ಈಸ್ ಓಕೆ ಅನ್ನು." ಅವಳು ಅಳೆದು ಸುರಿದು, "ಓಕೆ ಅಂದ್ರೂ ಚೆನ್ನಾಗೈತೆ ಅಂತಲೇ ಅಲ್ವೇನ್ರಿ," ಎಂದಳು. ಆಗ ನಾನೊಂದು ಉಪಾಯ ಹೂಡಿದೆ. ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ, 'ಹೇಗಿದ್ದಾಳೆ' ಅನ್ನುವ ಕಡೆಗೇ ಹೋಗುವುದು ಬೇಡ. ಬರೀ ಸಂಬಂಧ ಹೇಳುವುದು, ಮುದ್ದೆ ತಿನ್ನುತ್ತಾಳೆ ಹಾಲು ಕುಡಿಯುತ್ತಾಳೆ ಎನ್ನುವುದು, ನಮಸ್ಕಾರ ಹಾಕಿ ಎದ್ದು ಬರುವುದು. ಅವಳಿಗೂ ಒಪ್ಪಿಗೆಯಾಯಿತು. ನಾನೇ ಜೊತೆಗೆ ಬರುತ್ತೇನೆಂದು ಧೈರ್ಯ ಹೇಳಿದೆ.

ಆ ದಿನ ಅವಳು ಮದುವೆ ಸೀರೆ ಉಟ್ಟು ಬಂದಿದ್ದಳು. ಮಗಳಿಗೆ ಮಾತ್ರ ಬಣ್ಣ ಮಾಸಿದ ಹಳೇ ಫ್ರಾಕು, ಕೆನ್ನೆಗೆ ದೊಡ್ಡ ಕಾಡಿಗೆ ಬೊಟ್ಟು. ಪ್ರಿನ್ಸಿಪಾಲರು ಬೇರೆ ರಾಜ್ಯದ ಹೆಂಗಸು, ಈ ಕಡೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಮುಖದಲ್ಲಿ ನಗುವಿತ್ತು. ಪುಸ್ತಕ ಓದಿದ ಹಾಗೆ ನಿಧಾನವಾಗಿ ಕನ್ನಡ ಆಡುತ್ತಿದ್ದರು. ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದೆ, ಆಕೆಯನ್ನು ನೋಡಿ ಆ ಸಿದ್ಧತೆ ದಂಡವಾಯಿತು.

ಮಗಳ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. "ಶಿ ಈಸ್ ಮೈ ಡಾಟರ್," ಎಂದಳು ಇವಳು. ಪ್ರಿನ್ಸಿಪಾಲರು ತಲೆಯಾಡಿಸಿದರು. "ಶಿ ಈಸ್ ಎ ಗರ್ಲ್." ಅದಕ್ಕೂ ತಲೆಯಾಡಿಸಿದರು. "ಶಿ ಈಟ್ಸ್ ಮುದ್ದೆ. ಶಿ ಡ್ರಿಂಕ್ಸ್ ಮಿಲ್ಕ್." ಎಲ್ಲ ಉಪಾಯದ ಪ್ರಕಾರವೇ ನಡೆಯುತ್ತಿತ್ತು. ನಾನು ಏಳುವುದಕ್ಕೆ ಚೀಲ ಕೈಗೆ ತೆಗೆದುಕೊಂಡೆ. ಆಗ ಅವರು ಬಹಳ ಪ್ರೀತಿಯಿಂದ ಕೇಳಿದರು: "ಆಂಡ್ ಹೌ ಈಸ್ ಶಿ?"

ಇವಳು ನನ್ನ ಕಡೆ ನೋಡಿದಳು. ಆಮೇಲೆ ಶುರು ಮಾಡಿದಳು. "ಮೈ ಡಾಟರ್ ಈಸ್ ಥಿನ್. ಮೈ ಡಾಟರ್ ಈಸ್ ವೀಕ್. ಮೈ ಡಾಟರ್ ಈಸ್ ಲೇಜಿ. ಮೈ ಡಾಟರ್ ಈಸ್ ಆಲ್ವೇಸ್ ಸಿಕ್." ಒಂದೂ ತಪ್ಪಿಲ್ಲ. ಆ 'ಆಲ್ವೇಸ್' ನಾನು ಹೇಳಿಕೊಟ್ಟದ್ದೂ ಅಲ್ಲ, ಎಲ್ಲಿಂದ ಹೆಕ್ಕಿದಳೋ, ಸರಿಯಾದ ಜಾಗದಲ್ಲಿ ತಂದು ಇಟ್ಟಿದ್ದಳು. ಟೀಚರಾಗಿ ನನ್ನ ಎದೆ ಉಬ್ಬಿತು, ಜೊತೆಗೆ ಬಂದವಳಾಗಿ ಕೈಗೆ ತೆಗೆದುಕೊಂಡಿದ್ದ ಚೀಲವನ್ನು ಮತ್ತೆ ಕೆಳಗಿಟ್ಟೆ.

ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟು ಮಗುವನ್ನು ನೋಡಿದರು. "ಅಮ್ಮ, ಮಗು ಯಾವಾಗಲೂ ಕಾಯಿಲೆ ಇದ್ದರೆ ಈ ವರ್ಷ ಬೇಡ. ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ. ಮುಂದಿನ ವರ್ಷ ನೋಡೋಣ."

ನಾನು ನಡುವೆ ಬಾಯಿ ಹಾಕಿ, ಇದು ನಮ್ಮ ಕಡೆಯ ರೂಢಿ, ಮಗು ಗುಂಡುಕಲ್ಲಿನ ಹಾಗಿದೆ ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, "ನೀವು ಹೇಳಿದರೆ ಆಗುವುದಿಲ್ಲ ಮೇಡಂ. ತಾಯಿ ಹೇಳಬೇಕು. ನಾಳೆ ಏನಾದರೂ ಆದರೆ ನನಗೆ ತಾಯಿಯ ಮಾತು ಬೇಕು," ಎಂದರು. ಅದೂ ನ್ಯಾಯವೇ.

ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಒಂದು ಒಳ್ಳೆಯ ಮಾತು ಆಡಿದರೆ ಮಗಳು ಕಣ್ಣೆದುರಿನ ಶಾಲೆಗೆ ಸೇರುತ್ತಾಳೆ. ಆದರೆ ಆ ಮಾತನ್ನು ಎರಡು ಸಲ ಆಡಿ ಎರಡು ಸಲವೂ ಅವಳು ಕಳೆದುಕೊಂಡಿದ್ದಳು. ಕುರ್ಚಿಯ ತುದಿಗೆ ಸರಿದಳು. ಎದ್ದು ಹೋಗಿಬಿಡುತ್ತಾಳೆಂದು ನಾನು ಅಂದುಕೊಂಡೆ. ಎದ್ದು ಹೋಗಾಣ ಎಂದು ನಾನೇ ಹೇಳುವುದರಲ್ಲಿದ್ದೆ.

ಆದರೆ ಅವಳು ಮಗಳನ್ನು ತೊಡೆಯ ಮೇಲಕ್ಕೆ ಎಳೆದುಕೊಂಡು, ಮದುವೆ ಸೀರೆಯ ಸೆರಗನ್ನು ಅದರ ತಲೆಯಿಂದ ಕಾಲವರೆಗೆ ಹೊದಿಸಿದಳು. ಎರಡೂ ಕೈಯಿಂದ ಸೆರಗಿನ ಮೇಲೆಯೇ ಅದರ ಕಿವಿ ಮುಚ್ಚಿದಳು. "ಮೇಡಂ, ನೀವು ಆ ಕಡೆ ತಿರುಕ್ಕಳ್ರಿ. ಅವರಿಗೂ ಹೇಳ್ರಿ," ಎಂದಳು.

ನಾನು ಹೇಳಿದೆ. ಆ ದೊಡ್ಡ ಮನುಷ್ಯೆ ಏನೂ ಕೇಳದೆ ಕುರ್ಚಿ ತಿರುಗಿಸಿಕೊಂಡರು. ಇಬ್ಬರೂ ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡುತ್ತ ಕುಳಿತೆವು. ಪಕ್ಕದ ಬೀರುವಿನ ಗಾಜಿನಲ್ಲಿ ಅವಳ ಮುಖ ಕಂಡಿತು. ಅವಳು ತನ್ನ ಕಣ್ಣುಗಳನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ಮೈ ಡಾಟರ್ ಈಸ್ ಹೆಲ್ದಿ," ಎಂದಳು. "ಮೈ ಡಾಟರ್ ಈಸ್ ಕ್ಲೆವರ್. ಮೈ ಡಾಟರ್ ಈಸ್ ಸ್ಟ್ರಾಂಗ್. ಮೈ ಡಾಟರ್ ಈಸ್ ಬ್ಯೂಟಿಫುಲ್." ಪಡಸಾಲೆಯಲ್ಲಿ ಉಳಿದವರೆಲ್ಲ ಹೇಳುವಾಗ ತುಟಿ ಬಿಗಿ ಹಿಡಿದು ಕುಳಿತಿದ್ದವಳು ಒಂದೂ ಬಿಡದೆ ಕಲಿತಿದ್ದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಇಂಗ್ಲಿಷ್ ಮುಗಿದುಹೋಯಿತು, ಕನ್ನಡ ಹರಿಯತೊಡಗಿತು. "ನಕ್ರೆ ಮನೆ ತುಂಬತೈತೆ. ಒಂದು ಸಲ ಹೇಳಿದ್ದು ಮರೆಯಲ್ಲ. ಅವರಪ್ಪ ಸಂತೆಯಿಂದ ಬಂದ್ರೆ ತಾನೇ ಚೊಂಬು ಹಿಡ್ಕಂಡು ನೀರು ಕೊಡ್ತೈತೆ. ಕಣ್ಣು ನೋಡಿದ್ರೆ ನೋಡ್ತಾನೇ ಇರಬೇಕು ಅನ್ನಿಸ್ತೈತೆ. ಇಂಥ ಮಗಳು ಯಾರ ಮನೆಯಾಗೂ ಇಲ್ಲ. ನಂದೇ ಇದು. ನಾನೇ ಹೆತ್ತಿದ್ದು."

ನಾನು ಹಣ್ಣಿನ ಚಿತ್ರದಲ್ಲಿ ಮಾವು ಯಾವುದು, ಸೇಬು ಯಾವುದು ಎಂದು ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಪ್ರಿನ್ಸಿಪಾಲರು ಗೋಡೆಯ ಕಡೆಗೇ ಮುಖ ಮಾಡಿಕೊಂಡು, "ಸೋಮವಾರದಿಂದ ಕಳಿಸಿ," ಎಂದರು.

ಸೆರಗಿನೊಳಗಿಂದ ದನಿ ಬಂತು. "ಅವ್ವ, ಸೆಕೆ ಆಗತೈತೆ. ಏನ್ ಹೇಳ್ದೆ ನನ್ನ?"

ಅವಳು ಸೆರಗು ತೆಗೆದು, ಅದೇ ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು. "ಏನಿಲ್ಲ ಕಣೆ. ಗೂಬೆ ಮೂತಿ, ಗೊಣ್ಣೆ ಮೂಗು, ಯಾರಿಗೂ ಬ್ಯಾಡಾದ ಕೂಸು ಅಂತ ಹೇಳ್ದೆ."

ಮಗು ಪ್ರಿನ್ಸಿಪಾಲರ ಕಡೆಗೆ ತಿರುಗಿ, ಹೌದು ಎಂದು ಖುಷಿಯಿಂದ ತಲೆಯಾಡಿಸಿತು.